ಬಣ್ಣಕ್ಕೂ ಬಯೋಡೇಟಾಕ್ಕೂ ಏನು ಸಂಬಂಧ?

ಕೊನೆಯ ಸೆಮಿಸ್ಟರ್ ಮುಗಿದ ಮೇಲೆ ನಮ್ಮೆಲ್ಲರ ಕೈಯಲ್ಲಿ ಉಳಿಯುವುದು ಒಂದೆರಡು ಪುಟದ ಕಾಗದ. ಬಯೋಡೇಟಾ, ರೆಸ್ಯೂಮೆ, ಸಿವಿ, ಏನಾದರೂ ಕರೆಯಿರಿ. ಅದನ್ನು ಎಷ್ಟು ಸಲ ತಿದ್ದುತ್ತೇವೆ! ಅಕ್ಷರದ ಗಾತ್ರ ಬದಲಿಸುತ್ತೇವೆ, ಸೆಮಿನಾರಿಗೆ ಹೋಗಿ ಕುಳಿತದ್ದನ್ನೂ ಸಾಧನೆಯ ಪಟ್ಟಿಗೆ ಸೇರಿಸುತ್ತೇವೆ, ಸೀನಿಯರ್‌ಗೆ ಕಳಿಸಿ ‘ಒಮ್ಮೆ ನೋಡಿ ಅಣ್ಣ’ ಎನ್ನುತ್ತೇವೆ. ಆದರೆ ಅದರ ಮೊದಲ ಸಾಲನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಅಲ್ಲಿರುವುದು ನಮ್ಮ ಹೆಸರು. ಹೆಸರಿನಲ್ಲಿ ತಿದ್ದುವುದಕ್ಕೆ ಏನಿದೆ?

ಏನೋ ಇದೆ ಎನ್ನುತ್ತದೆ ಅರ್ಥಶಾಸ್ತ್ರ. ಧಾರವಾಡದಲ್ಲಿ ಎಂ.ಎ. ಓದುವಾಗ ‘ಕಾರ್ಮಿಕ ಮಾರುಕಟ್ಟೆ’ಯ ಪಾಠದಲ್ಲಿ ನಮಗೆ ಒಂದು ಪ್ರಯೋಗದ ಬಗ್ಗೆ ಹೇಳಿದ್ದರು. ಪರೀಕ್ಷೆಗೆಂದು ಓದಿದ ಎಷ್ಟೋ ಸಂಗತಿಗಳು ಮರೆತುಹೋಗಿವೆ. ಇದು ಮಾತ್ರ ಮರೆಯಲಿಲ್ಲ. ಕೆಲಸ ಹುಡುಕತೊಡಗಿದ ಮೇಲಂತೂ ಮತ್ತೆ ಮತ್ತೆ ನೆನಪಾಗುತ್ತಿದೆ.

ಹೆಸರೊಂದೇ ವ್ಯತ್ಯಾಸ

2001 ಮತ್ತು 2002ರಲ್ಲಿ ಅಮೆರಿಕದ ಬಾಸ್ಟನ್ ಮತ್ತು ಶಿಕಾಗೊ ನಗರಗಳಲ್ಲಿ ನಡೆದ ಪ್ರಯೋಗ ಅದು. ಮಾಡಿದವರು ಮರಿಯಾನ್ ಬರ್ಟ್ರಾಂಡ್ ಮತ್ತು ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಸೆಂಧಿಲ್ ಮುಲ್ಲೈನಾಥನ್. ಪತ್ರಿಕೆಯಲ್ಲಿ ಬಂದ 1,300ಕ್ಕೂ ಹೆಚ್ಚು ಉದ್ಯೋಗ ಜಾಹೀರಾತುಗಳಿಗೆ ಅವರು ಸುಮಾರು 5,000 ಅರ್ಜಿ ಕಳಿಸಿದರು. ಮಾರಾಟ, ಕಚೇರಿ ಸಹಾಯಕ, ಗ್ರಾಹಕ ಸೇವೆಯಂಥ ಸಾಮಾನ್ಯ ಕೆಲಸಗಳು. ಅರ್ಜಿಗಳೆಲ್ಲ ಕಾಲ್ಪನಿಕ. ಕೆಲವಕ್ಕೆ ಎಮಿಲಿ, ಗ್ರೆಗ್ ಎಂಬಂಥ ಹೆಸರು ಹಾಕಿದರು. ಅಲ್ಲಿ ಇವು ಬಿಳಿಯರ ಹೆಸರೆಂದು ಯಾರಿಗಾದರೂ ಗೊತ್ತಾಗುತ್ತದೆ. ಇನ್ನು ಕೆಲವಕ್ಕೆ ಲಕೀಶಾ, ಜಮಾಲ್ ಎಂಬಂಥ ಹೆಸರು. ಇವು ಕಪ್ಪು ವರ್ಣೀಯರಲ್ಲಿ ಬಳಕೆಯಲ್ಲಿರುವ ಹೆಸರುಗಳು. ಯಾವ ಅರ್ಜಿಗೆ ಯಾವ ಹೆಸರು ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಲಾಗಿತ್ತು. ಹಾಗಾಗಿ ಎರಡೂ ಗುಂಪುಗಳ ಓದು, ಅನುಭವ ಒಂದೇ ಮಟ್ಟದವು.

ಬಿಳಿಯರ ಹೆಸರಿದ್ದ ಅರ್ಜಿಗಳಲ್ಲಿ ಹತ್ತಕ್ಕೆ ಒಂದರಂತೆ ಫೋನ್ ಬಂತು. ಕಪ್ಪು ವರ್ಣೀಯರ ಹೆಸರಿದ್ದವಕ್ಕೆ ಹದಿನೈದಕ್ಕೆ ಒಂದು. ಅಂದರೆ ಎಮಿಲಿ ಹತ್ತು ಕಡೆ ಅರ್ಜಿ ಹಾಕಿದರೆ ಸಿಗುವ ಒಂದು ಕರೆಗಾಗಿ ಲಕೀಶಾ ಇನ್ನೂ ಐದು ಕಡೆ ಅಲೆಯಬೇಕು. ಎಂಟು ವರ್ಷದ ಹೆಚ್ಚುವರಿ ಅನುಭವ ಎಷ್ಟು ಕರೆ ತಂದುಕೊಡುತ್ತದೋ ಅಷ್ಟನ್ನು ಬರೀ ಒಂದು ಬಿಳಿ ಹೆಸರು ತಂದುಕೊಡುತ್ತಿತ್ತು.

ನನ್ನನ್ನು ಹೆಚ್ಚು ಕಾಡಿದ್ದು ಅದೇ ಅಧ್ಯಯನದ ಇನ್ನೊಂದು ಫಲಿತಾಂಶ. ಅರ್ಜಿಗಳಲ್ಲಿ ಅರ್ಧದಷ್ಟನ್ನು ಇನ್ನಷ್ಟು ಗಟ್ಟಿ ಮಾಡಿದ್ದರು. ಹೆಚ್ಚು ಅನುಭವ, ಒಂದಿಷ್ಟು ಕಂಪ್ಯೂಟರ್ ಕೌಶಲ, ಒಂದು ಸರ್ಟಿಫಿಕೇಟು. ಹೀಗೆ ಗಟ್ಟಿಯಾದ ಅರ್ಜಿಗೆ ಬಿಳಿಯರ ಹೆಸರಿದ್ದಾಗ ಕರೆಗಳು ಸುಮಾರು ಶೇ 30ರಷ್ಟು ಏರಿದವು. ಕಪ್ಪು ವರ್ಣೀಯರ ಹೆಸರಿದ್ದಾಗ ಅಷ್ಟು ಏರಲೇ ಇಲ್ಲ. ಅಂದರೆ ಓದಿದ್ದಕ್ಕೆ ಸಿಗುವ ಪ್ರತಿಫಲವೂ ಹೆಸರಿನ ಮೇಲೆ ಹೋಗುತ್ತದೆ. ‘ಇನ್ನೂ ಒಂದು ಕೋರ್ಸ್ ಮಾಡು, ಎಲ್ಲಾ ಸರಿಹೋಗುತ್ತೆ’ ಎಂದು ನಮಗೆ ಹೇಳುವವರು ಈ ಸಾಲನ್ನು ಎರಡು ಸಲ ಓದಬೇಕು. ಕೋರ್ಸ್ ಮಾಡಿದರೂ ಕರೆ ಬರದು ಎಂದು ಕಂಡುಕೊಂಡ ಹುಡುಗ ಮುಂದೆ ಕೋರ್ಸಿಗೆ ದುಡ್ಡು ಹಾಕುವುದಿಲ್ಲ. ಅದನ್ನು ನೋಡಿದ ಮಾಲೀಕ ‘ನೋಡಿದಿರಾ, ಈ ಜನ ಓದುವುದೇ ಇಲ್ಲ’ ಎನ್ನುತ್ತಾನೆ. ಕಾರಣ ಯಾವುದು, ಪರಿಣಾಮ ಯಾವುದು ಎಂಬುದೇ ತಿಳಿಯದಂತೆ ಚಕ್ರ ಸುತ್ತುತ್ತದೆ.

ಅದೇ 2001ರಲ್ಲಿ ಮಿಲ್ವಾಕಿ ನಗರದಲ್ಲಿ ದೇವಾ ಪೇಜರ್ ಎಂಬ ಸಮಾಜಶಾಸ್ತ್ರಜ್ಞೆ ಇನ್ನೊಂದು ಬಗೆಯ ಪ್ರಯೋಗ ಮಾಡಿದರು. ಕಾಗದ ಕಳಿಸುವ ಬದಲು ಯುವಕರನ್ನೇ ಕೆಲಸ ಕೇಳಲು ಕಳಿಸಿದರು. ಇಬ್ಬರು ಬಿಳಿಯರು, ಇಬ್ಬರು ಕಪ್ಪು ವರ್ಣೀಯರು. ಪ್ರತಿ ಜೋಡಿಯಲ್ಲೂ ಒಬ್ಬ, ತಾನು ಹಿಂದೆ ಜೈಲಿಗೆ ಹೋಗಿ ಬಂದವನೆಂದು ಹೇಳಬೇಕು. ಸರದಿಯ ಮೇಲೆ ಆ ಪಾತ್ರ ಅದಲುಬದಲಾಗುತ್ತಿತ್ತು. ಫಲಿತಾಂಶ ಹೀಗಿತ್ತು: ಅಪರಾಧದ ದಾಖಲೆ ಇಲ್ಲದ ಬಿಳಿಯನಿಗೆ ಶೇ 34ರಷ್ಟು ಕಡೆ ಮರುಕರೆ, ದಾಖಲೆ ಇರುವ ಬಿಳಿಯನಿಗೆ ಶೇ 17. ದಾಖಲೆಯೇ ಇಲ್ಲದ ಕಪ್ಪು ವರ್ಣೀಯನಿಗೆ ಶೇ 14, ದಾಖಲೆ ಇರುವವನಿಗೆ ಶೇ 5. ಜೈಲಿಗೆ ಹೋಗಿ ಬಂದ ಬಿಳಿಯನಿಗಿಂತ ಯಾವ ತಪ್ಪೂ ಮಾಡದ ಕಪ್ಪು ಹುಡುಗನಿಗೆ ಅವಕಾಶ ಕಡಿಮೆ!

ಕೆಂಪು ಗೆರೆಯ ನಕ್ಷೆ

ಇಲ್ಲಿಗೆ ಮುಗಿದಿದ್ದರೆ ಇದು ನಾಲ್ಕು ಮಂದಿ ಮ್ಯಾನೇಜರುಗಳ ಮನಸ್ಸಿನ ಸಮಸ್ಯೆ ಎಂದುಕೊಳ್ಳಬಹುದಿತ್ತು. ಆದರೆ ಸಂದರ್ಶನದ ಕೋಣೆ ಕೊನೆಯ ಬಾಗಿಲು. ಅದಕ್ಕಿಂತ ಮೊದಲು ಎಷ್ಟೋ ಬಾಗಿಲುಗಳಿವೆ. ಅವುಗಳಲ್ಲಿ ಕೆಲವನ್ನು ಸರ್ಕಾರವೇ ಮುಚ್ಚಿತ್ತು.

1930ರ ದಶಕದ ಆರ್ಥಿಕ ಮಹಾಕುಸಿತದಲ್ಲಿ ಅಮೆರಿಕದ ಲಕ್ಷಾಂತರ ಜನ ಮನೆ ಕಳೆದುಕೊಳ್ಳುತ್ತಿದ್ದರು. ಅವರ ನೆರವಿಗೆಂದು 1933ರಲ್ಲಿ ಗೃಹಸಾಲದ ಒಂದು ಸರ್ಕಾರಿ ನಿಗಮ ಬಂತು. 1934ರಲ್ಲಿ ಗೃಹಸಾಲಕ್ಕೆ ವಿಮೆ ಕೊಡುವ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಬಂತು. ಒಳ್ಳೆಯ ಯೋಜನೆಗಳೇ. ಸರ್ಕಾರದ ವಿಮೆ ಇದ್ದುದರಿಂದ ಬ್ಯಾಂಕುಗಳು ಕಡಿಮೆ ಮುಂಗಡ ಪಡೆದು, ಇಪ್ಪತ್ತು ಮೂವತ್ತು ವರ್ಷಗಳ ಕಂತಿಗೆ ಸಾಲ ಕೊಡತೊಡಗಿದವು. ಸಾಮಾನ್ಯ ಕಾರ್ಮಿಕನೂ ಸ್ವಂತ ಮನೆಯ ಕನಸು ಕಾಣುವಂತಾಯಿತು.

ಆದರೆ ಯಾರ ಕನಸು? ನಿಗಮ ಇನ್ನೂರಕ್ಕೂ ಹೆಚ್ಚು ನಗರಗಳ ನಕ್ಷೆ ತಯಾರಿಸಿ ಬಡಾವಣೆಗಳಿಗೆ ಬಣ್ಣ ಬಳಿಯಿತು. ಹಸಿರು ಎಂದರೆ ಉತ್ತಮ. ಆಮೇಲೆ ನೀಲಿ, ಹಳದಿ. ಕೆಂಪು ಎಂದರೆ ಅಪಾಯ. ಕಪ್ಪು ವರ್ಣೀಯರು ವಾಸಿಸುವ ಬಡಾವಣೆಗಳು ಬಹುಪಾಲು ಕೆಂಪಾದವು. ಇತ್ತ ವಿಮೆ ಕೊಡುವ ಇಲಾಖೆಯ ನಿಯಮಗಳಲ್ಲೇ, ಬೇರೆ ಬೇರೆ ಜನಾಂಗದವರು ಬೆರೆತಿರುವ ಬಡಾವಣೆಗಳನ್ನು ದೂರವಿಡುವ ಸೂಚನೆ ಇತ್ತು. ‘ರೆಡ್‌ಲೈನಿಂಗ್’ ಎಂಬ ಪದ ಹುಟ್ಟಿದ್ದು ಹೀಗೆ. ನಿಮ್ಮ ಸಂಬಳ ಎಷ್ಟು, ನೀವು ಪ್ರಾಮಾಣಿಕರೇ ಎಂದು ಕೇಳುವ ಮೊದಲೇ ನಿಮ್ಮ ಬೀದಿಯ ಬಣ್ಣ ಉತ್ತರ ಕೊಟ್ಟುಬಿಡುತ್ತಿತ್ತು.

ಎರಡನೇ ಮಹಾಯುದ್ಧದ ಸೈನಿಕರಿಗಾಗಿ 1944ರಲ್ಲಿ ‘ಜಿ.ಐ. ಬಿಲ್’ ಎಂಬ ಕಾನೂನು ಬಂತು. ಕಾಲೇಜು ಶುಲ್ಕ, ಮನೆ, ಜಮೀನು, ವ್ಯಾಪಾರಕ್ಕೆ ಸಾಲದ ಖಾತರಿ ಎಲ್ಲವೂ ಅದರಲ್ಲಿತ್ತು. ಅಮೆರಿಕದ ಮಧ್ಯಮ ವರ್ಗವನ್ನು ಕಟ್ಟಿದ್ದೇ ಈ ಕಾನೂನು ಎನ್ನುವವರಿದ್ದಾರೆ. ಕಾನೂನಿನ ಅಕ್ಷರದಲ್ಲಿ ಬಣ್ಣದ ಭೇದ ಇರಲಿಲ್ಲ. ಜಾರಿ ಮಾತ್ರ ಸ್ಥಳೀಯ ಬ್ಯಾಂಕು, ಸ್ಥಳೀಯ ಕಚೇರಿಗಳ ಕೈಯಲ್ಲಿತ್ತು. ಮಿಸಿಸಿಪ್ಪಿ ರಾಜ್ಯದ ಜನಸಂಖ್ಯೆಯಲ್ಲಿ ಆಗ ಸುಮಾರು ಅರ್ಧದಷ್ಟು ಕಪ್ಪು ವರ್ಣೀಯರು. 1947ರ ಲೆಕ್ಕದಂತೆ ಆ ರಾಜ್ಯದಲ್ಲಿ ಖಾತರಿ ಪಡೆದ 3,229 ಸಾಲಗಳಲ್ಲಿ ಕಪ್ಪು ಸೈನಿಕರಿಗೆ ಸಿಕ್ಕಿದ್ದು ಎರಡು. ಎರಡು ಸಾವಿರವೂ ಅಲ್ಲ, ಎರಡು ನೂರೂ ಅಲ್ಲ. ಎರಡೇ ಎರಡು.

ಮನೆ ಎಂದರೆ ನಾಲ್ಕು ಗೋಡೆ ಅಷ್ಟೇ ಎಂದುಕೊಂಡರೆ ಇದರ ಪರಿಣಾಮ ತಿಳಿಯುವುದಿಲ್ಲ. ನಮ್ಮೂರಿನ ಲೆಕ್ಕದಲ್ಲೇ ಯೋಚಿಸಿ. ಪಹಣಿ ಇರುವವನಿಗೆ ಬ್ಯಾಂಕು ಸಾಲ ಕೊಡುತ್ತದೆ, ಆ ಸಾಲದಲ್ಲಿ ಮಗಳು ಎಂಜಿನಿಯರಿಂಗ್ ಓದುತ್ತಾಳೆ, ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಆಧಾರಕ್ಕೆ ಏನಾದರೊಂದು ಇರುತ್ತದೆ. ಪಹಣಿ ಇಲ್ಲದವನ ಮಗಳು ಎಷ್ಟೇ ಜಾಣೆಯಾದರೂ ಪಿಯುಸಿಯ ನಂತರ ಅಪ್ಪನ ಮುಖ ನೋಡಬೇಕಾಗುತ್ತದೆ. 1950ರಲ್ಲಿ ಒಂದು ಬಿಳಿ ಕುಟುಂಬ ಕೊಂಡ ಮನೆ 1975ರಲ್ಲಿ ಮಗನ ಕಾಲೇಜು ಶುಲ್ಕವಾಯಿತು, 2000ದಲ್ಲಿ ಮೊಮ್ಮಗನ ಮನೆಗೆ ಮುಂಗಡವಾಯಿತು. ಬಾಡಿಗೆ ಕಟ್ಟುತ್ತಲೇ ಇದ್ದ ಕುಟುಂಬದ ಮೊಮ್ಮಗ ಸೊನ್ನೆಯಿಂದಲೇ ಶುರು ಮಾಡಬೇಕಾಯಿತು.

1968ರಲ್ಲಿ ವಸತಿ ತಾರತಮ್ಯವನ್ನು ಕಾನೂನು ನಿಷೇಧಿಸಿತು. ಆದರೆ ಕೈತಪ್ಪಿದ ಆಸ್ತಿಯನ್ನು ಯಾವ ಕಾನೂನೂ ಮರಳಿ ಕೊಡಲಿಲ್ಲ. 2022ರ ಸಮೀಕ್ಷೆಯಲ್ಲಿ ಅಮೆರಿಕದ ಮಧ್ಯಮ ಮಟ್ಟದ ಬಿಳಿ ಕುಟುಂಬದ ನಿವ್ವಳ ಆಸ್ತಿ ಸುಮಾರು 2,85,000 ಡಾಲರ್. ಮಧ್ಯಮ ಮಟ್ಟದ ಕಪ್ಪು ಕುಟುಂಬದ್ದು ಸುಮಾರು 44,900 ಡಾಲರ್. ಆದಾಯದಲ್ಲಿ ಕಪ್ಪು ಕುಟುಂಬ ಬಿಳಿ ಕುಟುಂಬದ ಸುಮಾರು ಮೂರನೇ ಎರಡು ಭಾಗದಷ್ಟಾದರೂ ಇದೆ. ಆಸ್ತಿಯಲ್ಲಿ ಆರನೇ ಒಂದು ಭಾಗವೂ ಇಲ್ಲ. ಆದಾಯ ಈ ತಿಂಗಳಿನದು, ಆಸ್ತಿ ಅಜ್ಜನ ಕಾಲದ್ದು. ಇತಿಹಾಸ ಕೂತಿರುವುದು ಈ ಎರಡನೆಯ ಅಂಕಿಯಲ್ಲಿ.

‘ಅದು ಬಡತನವಷ್ಟೇ’ ಎನ್ನುವವರಿಗೆ

ತರಗತಿಯಲ್ಲಿ ಈ ಚರ್ಚೆ ಬಂದಾಗ ಒಬ್ಬ ಗೆಳೆಯ ನ್ಯಾಯವಾದ ಪ್ರಶ್ನೆಯನ್ನೇ ಕೇಳಿದ. ‘ಇದು ಬಣ್ಣದ ವಿಷಯವೇ? ಬಡತನದ ವಿಷಯ ಅಲ್ಲವೇ? ಬಡ ಬಿಳಿಯರೂ ಕಷ್ಟಪಡುತ್ತಾರಲ್ಲ?’

ಇದಕ್ಕೆ ಉತ್ತರ ದೆಹಲಿಯಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಅವರ ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದೆ. ಸುಮಾರು 2 ಕೋಟಿ ಮಕ್ಕಳು ದೊಡ್ಡವರಾದ ಮೇಲೆ ಎಷ್ಟು ಸಂಪಾದಿಸುತ್ತಿದ್ದಾರೆ ಎಂದು ಅವರು ಲೆಕ್ಕ ಹಾಕಿದರು. ಒಂದೇ ಬಡಾವಣೆಯಲ್ಲಿ, ಒಂದೇ ಆದಾಯದ ಮನೆಗಳಲ್ಲಿ ಬೆಳೆದ ಇಬ್ಬರು ಹುಡುಗರನ್ನು ತೆಗೆದುಕೊಂಡರೂ ದೇಶದ ಶೇ 99ರಷ್ಟು ಬಡಾವಣೆಗಳಲ್ಲಿ ಕಪ್ಪು ಹುಡುಗ ಬಿಳಿ ಹುಡುಗನಿಗಿಂತ ಕಡಿಮೆ ದುಡಿಯುತ್ತಿದ್ದ. ಶ್ರೀಮಂತರ ಮನೆಯಲ್ಲಿ ಹುಟ್ಟಿದರೂ ಅಷ್ಟೇ. ಕುತೂಹಲದ ಸಂಗತಿಯೆಂದರೆ, ಹೆಣ್ಣುಮಕ್ಕಳಲ್ಲಿ ಈ ಅಂತರ ಹೆಚ್ಚುಕಡಿಮೆ ಕಾಣಲಿಲ್ಲ. ತಂದೆತಾಯಿಯ ಆದಾಯ ಒಂದೇ ಇದ್ದಲ್ಲಿ ಕಪ್ಪು ಮತ್ತು ಬಿಳಿ ಹೆಣ್ಣುಮಕ್ಕಳ ವೈಯಕ್ತಿಕ ಗಳಿಕೆ ಹತ್ತಿರಹತ್ತಿರವಿತ್ತು. ಒಂದು ಜನಾಂಗಕ್ಕೆ ಬುದ್ಧಿಯೇ ಕಡಿಮೆ ಎಂಬ ಹಳೆಯ ವಾದ ಇಲ್ಲೇ ಮುರಿದು ಬೀಳುತ್ತದೆ. ಬುದ್ಧಿಯ ಕೊರತೆಯಾಗಿದ್ದರೆ ಅಣ್ಣನಿಗೆ ಮಾತ್ರ ಬಂದು ತಂಗಿಗೆ ಬರದಿರುವುದು ಹೇಗೆ?

ನಮ್ಮವರು ಹೋದ ದಾರಿ

‘ಅಮೆರಿಕದಲ್ಲಿ ನಮ್ಮವರೂ ಬಿಳಿಯರಲ್ಲ. ಆದರೂ ಮುಂದೆ ಬಂದಿಲ್ಲವೇ?’ ಎಂಬ ಮಾತು ಆಗಾಗ ಕೇಳುತ್ತದೆ. ನಿಜ, ಭಾರತೀಯ ಮೂಲದ ಕುಟುಂಬಗಳ ಆದಾಯ ಅಲ್ಲಿ ದೇಶದ ಮಧ್ಯಮ ಮಟ್ಟದ ಹೆಚ್ಚುಕಡಿಮೆ ಎರಡು ಪಟ್ಟು. ಆದರೆ ಆ ಬಾಗಿಲು ಹೇಗೆ ತೆರೆಯಿತೆಂದು ನೋಡಬೇಕು.

ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ‘ಇವರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ’ ಎಂದು ತೀರ್ಪು ಕೊಟ್ಟಿತು. ಪೌರರಾಗಲು ಅರ್ಹತೆ ಇಲ್ಲದವರು ಕ್ಯಾಲಿಫೋರ್ನಿಯಾದಲ್ಲಿ ಕೃಷಿ ಭೂಮಿ ಕೊಳ್ಳುವಂತಿರಲಿಲ್ಲ. 1913ರ ಕಾನೂನೇ ಹಾಗಿತ್ತು. ಬಣ್ಣ, ಪೌರತ್ವ, ಭೂಮಿ ಮೂರೂ ಒಂದೇ ಸರಪಳಿಯ ಕೊಂಡಿಗಳು. 1946ರಲ್ಲಿ ಪೌರತ್ವದ ದಾರಿ ತೆರೆದರೂ ವರ್ಷಕ್ಕೆ ನೂರು ಭಾರತೀಯರಿಗೆ ಮಾತ್ರ ಪ್ರವೇಶ. ದೊಡ್ಡ ಬಾಗಿಲು ತೆರೆದದ್ದು 1965ರ ವಲಸೆ ಕಾನೂನಿನಿಂದ. ಕಪ್ಪು ವರ್ಣೀಯರು ಲಾಠಿ, ನಾಯಿ, ಜೈಲು ಎಲ್ಲವನ್ನೂ ಎದುರಿಸಿ ನಡೆಸಿದ ಹಕ್ಕಿನ ಹೋರಾಟದಿಂದ 1964ರ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಆ ಗಾಳಿಯಲ್ಲೇ ಮರುವರ್ಷ ಈ ಕಾನೂನೂ ಬಂತು. ಆ ಬಾಗಿಲಲ್ಲಿ ಒಳಹೋದವರು ಬಹುತೇಕ ಡಾಕ್ಟರು, ಎಂಜಿನಿಯರು. ಅಂದರೆ ಮೊದಲೇ ಓದಿ ಆಯ್ಕೆಯಾದವರು. ಬೆಂಗಳೂರಿನಿಂದ ಹಾರಿ ಕ್ಯಾಲಿಫೋರ್ನಿಯಾದಲ್ಲಿ ಇಳಿಯುವ ನಮ್ಮ ಕನ್ನಡದ ಟೆಕ್ಕಿಯೂ ಅದೇ ಬಾಗಿಲಲ್ಲಿ ಒಳಹೋಗುತ್ತಾನೆ. ಹೀಗಿರುವಾಗ ‘ನಾವು ಬಂದೆವು, ಅವರಿಗೇಕೆ ಆಗದು’ ಎಂದು ಕೇಳುವುದು ಕೃತಜ್ಞತೆಯ ಮಾತಂತೂ ಅಲ್ಲ.

ಇಲ್ಲಿಯ ಕನ್ನಡಿ

ಅಮೆರಿಕದ ಕಥೆ ಓದಿ ‘ಪಾಪ’ ಎಂದು ಪುಟ ತಿರುಗಿಸುವುದು ಸುಲಭ. ಅದೇ ಪ್ರಯೋಗವನ್ನು ನಮ್ಮ ದೇಶದಲ್ಲೂ ಮಾಡಿದ್ದಾರೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ವೆಲ್ ಅವರು 2005ರಿಂದ 66 ವಾರ ಪತ್ರಿಕೆಗಳ ಖಾಸಗಿ ಉದ್ಯೋಗ ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಿ, 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಹತೆ ಒಂದೇ, ಅಡ್ಡಹೆಸರು ಬೇರೆ. ಮೇಲ್ಜಾತಿ ಹಿಂದೂ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಂಭವ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು. ಜಾತಿ ಬೇರೆ, ಜನಾಂಗ ಬೇರೆ. ಆದರೆ ಕರೆ ಮಾಡದ ಫೋನು ಎರಡೂ ಕಡೆ ಒಂದೇ.

ಜನಾಂಗದ ಪ್ರಶ್ನೆಯೂ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡದ ಕಾಡಿನಂಚಿನಲ್ಲಿ ಸಿದ್ದಿ ಜನರಿದ್ದಾರೆ. ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಈ ಕಾಡು ಸೇರಿದರು. ಅವರ ಮಕ್ಕಳು ಮೊಮ್ಮಕ್ಕಳು ಇವರು. ತಲೆಮಾರುಗಟ್ಟಲೆ ಬೇರೆಯವರ ಅಡಿಕೆ ತೋಟದಲ್ಲಿ ದುಡಿದವರು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದೇ 2003ರಲ್ಲಿ. ಶಾಂತಾರಾಮ ಸಿದ್ದಿಯವರು 2020ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ, ಆ ಸಮುದಾಯದಿಂದ ಶಾಸನಸಭೆಯ ಮೆಟ್ಟಿಲೇರಿದ ಮೊದಲಿಗರು ಎಂದು ಎಲ್ಲ ಪತ್ರಿಕೆಗಳೂ ಬರೆದವು.

ನಮ್ಮ ಹಾಸ್ಟೆಲಿನಲ್ಲಿ ಯಲ್ಲಾಪುರ ಕಡೆಯ ಸಿದ್ದಿ ಗೆಳೆಯನೊಬ್ಬನಿದ್ದ. ಮನೆಯಲ್ಲಿ ಕೊಂಕಣಿ, ಹೊರಗೆ ನಮಗಿಂತ ಚೆಂದದ ಕನ್ನಡ. ಬೆಂಗಳೂರಿನ ಒಂದು ಕಂಪನಿಗೆ ಸಂದರ್ಶನಕ್ಕೆ ಹೋದಾಗ ಸ್ವಾಗತ ಕೌಂಟರಿನಲ್ಲಿ ಅವನಿಗೆ ಇಂಗ್ಲಿಷಿನಲ್ಲಿ ಪಾಸ್‌ಪೋರ್ಟ್ ಕೇಳಿದರಂತೆ. ‘ಆಧಾರ್ ಕಾರ್ಡ್ ಐತ್ರಿ, ನಡೀತದೇನು?’ ಎಂದನಂತೆ ಇವನು. ಅದನ್ನು ಹೇಳಿ ನಮ್ಮನ್ನೆಲ್ಲ ನಗಿಸಿದ. ಆಮೇಲಿನದನ್ನು ನಗದೇ ಹೇಳಿದ. ಸಂದರ್ಶನ ಚೆನ್ನಾಗಿಯೇ ಆಯಿತು, ಕೊನೆಗೆ ಒಬ್ಬರು ಮೃದುವಾಗಿ, ‘ಇದು ಮನೆಮನೆಗೆ ಹೋಗುವ ಕೆಲಸ. ನಮಗೇನೂ ಇಲ್ಲ, ಗ್ರಾಹಕರು ಹೇಗೆ ತಗೋತಾರೋ’ ಎಂದರಂತೆ.

ಗ್ಯಾರಿ ಬೆಕರ್ ಎಂಬ ಅರ್ಥಶಾಸ್ತ್ರಜ್ಞ 1957ರಲ್ಲೇ ಇದನ್ನು ಗುರುತಿಸಿದ್ದರು. ತಾರತಮ್ಯ ಮಾಲೀಕನಿಂದ ಬರಬಹುದು, ಸಹೋದ್ಯೋಗಿಗಳಿಂದ ಬರಬಹುದು, ಗ್ರಾಹಕರಿಂದಲೂ ಬರಬಹುದು. ತಾರತಮ್ಯ ಮಾಡುವ ಮಾಲೀಕ ಒಳ್ಳೆಯ ಕೆಲಸಗಾರನನ್ನು ಕಳೆದುಕೊಂಡು ನಷ್ಟ ಅನುಭವಿಸುತ್ತಾನೆ, ಹಾಗಾಗಿ ಪೈಪೋಟಿಯೇ ಅವನನ್ನು ದಂಡಿಸುತ್ತದೆ ಎಂಬ ವಾದವೂ ಅವರಿಂದಲೇ ಬಂತು. ಆದರೆ ಗ್ರಾಹಕನ ಮನಸ್ಸಿನಲ್ಲೇ ಪೂರ್ವಗ್ರಹ ಇದ್ದರೆ ಪೈಪೋಟಿ ಅದನ್ನು ಅಳಿಸುವ ಬದಲು ಪೋಷಿಸುತ್ತದೆ. ‘ಗ್ರಾಹಕರು ಏನೆನ್ನುತ್ತಾರೋ’ ಎಂಬ ಆ ಮೃದು ಮಾತಿನಲ್ಲಿ ಆ ‘ಗ್ರಾಹಕರು’ ಯಾರು? ಬಾಗಿಲು ತೆರೆಯುವ ನಾನು, ನೀವು.

ಗೆಳೆಯ ಈಗ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾನೆ. ‘ಒಎಂಆರ್ ಶೀಟಿಗೆ ಕಣ್ಣಿರೂದಿಲ್ಲ ನೋಡು, ಅದಕ್ಕ ಅದೇ ಛಲೋ’ ಎನ್ನುತ್ತಾನೆ. ನಮ್ಮ ಹುಡುಗರೆಲ್ಲ ಸರ್ಕಾರಿ ನೌಕರಿಗೇ ಏಕೆ ಮುಗಿಬೀಳುತ್ತಾರೆ ಎಂದು ಬೇಸರಪಡುವ ಹಿರಿಯರಿಗೆ ಇದಕ್ಕಿಂತ ಚಿಕ್ಕ ಉತ್ತರ ನನಗೆ ಗೊತ್ತಿಲ್ಲ. ಭದ್ರತೆ, ಪಿಂಚಣಿ ಒಂದು ಕಾರಣ. ಮುಖ ನೋಡದೆ ಅಂಕ ಕೊಡುವ ಜಾಗ ಎಂಬುದು ಇನ್ನೊಂದು.

ಹಾಗಾದರೆ ಏನು ಮಾಡೋಣ?

ಇದಕ್ಕೆ ಪರಿಹಾರ ಇಲ್ಲವೆಂದು ಕೈಚೆಲ್ಲಬೇಕಿಲ್ಲ. ಅಮೆರಿಕದ ನೂರೆಂಟು ಬೃಹತ್ ಕಂಪನಿಗಳಿಗೆ ಸುಮಾರು 83,000 ಅರ್ಜಿ ಕಳಿಸಿದ ಹೊಸ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ತಾರತಮ್ಯ ಈಗಲೂ ಇದೆ, ಆದರೆ ಎಲ್ಲ ಕಂಪನಿಗಳಲ್ಲೂ ಸಮನಾಗಿ ಹರಡಿಲ್ಲ ಎಂದು ಅದು ಕಂಡುಕೊಂಡಿತು. ಒಟ್ಟು ತಾರತಮ್ಯದ ಅರ್ಧದಷ್ಟು ಐದನೇ ಒಂದು ಭಾಗದ ಕಂಪನಿಗಳಲ್ಲೇ ಇತ್ತು. ನೇಮಕಾತಿಯನ್ನು ಒಂದೇ ಕೇಂದ್ರ ವಿಭಾಗದಿಂದ ನಡೆಸುವ ಕಂಪನಿಗಳಲ್ಲಿ ಅದು ಕಡಿಮೆಯಿತ್ತು. ಒಬ್ಬ ಮ್ಯಾನೇಜರ್ ತನ್ನ ಮನಸ್ಸಿಗೆ ತೋಚಿದಂತೆ ಆರಿಸುವ ಅವಕಾಶ ಕಡಿಮೆಯಾದಷ್ಟೂ ಮುಖ ನೋಡಿ ಮಣೆ ಹಾಕುವುದು ಕಡಿಮೆಯಾಗುತ್ತದೆ ಎಂದು ನನಗೆ ಇದರಿಂದ ತೋರುತ್ತದೆ. ವಿಧಾನ ಬದಲಿಸಿದರೆ ಫಲಿತಾಂಶ ಬದಲಾಗುತ್ತದೆ ಎಂಬುದೇ ಧೈರ್ಯ ಕೊಡುವ ಸಂಗತಿ.

ನಮ್ಮ ಕೈಯಲ್ಲಿರುವುದೂ ಒಂದಿಷ್ಟಿದೆ. ಈ ವರ್ಷ ನಮ್ಮ ಬ್ಯಾಚಿನವರಲ್ಲಿ ಕೆಲಸ ಸಿಕ್ಕವರಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು ‘ರೆಫರಲ್’ ಮೂಲಕ. ಪರಿಚಯದ ಸೀನಿಯರ್, ಮಾವನ ಮಗ, ಪಕ್ಕದ ಊರಿನವರು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ರೆಫರಲ್ ಕೂಡ ಆಸ್ತಿಯ ಹಾಗೆ. ಅಜ್ಜ ಓದಿದ್ದವರಿಗೆ ಅದು ತಾನಾಗಿ ಬರುತ್ತದೆ. ಮೊದಲ ತಲೆಮಾರಿನಲ್ಲಿ ಓದಿದವನಿಗೆ ರೆಫರ್ ಮಾಡುವವರು ಯಾರಿದ್ದಾರೆ? ಮೊನ್ನೆ ಒಬ್ಬ ಸೀನಿಯರ್ ‘ಇನ್ನೊಂದು ಜಾಗ ಇದೆ, ಯಾರಾದರೂ ಇದ್ದರೆ ಹೇಳು’ ಎಂದಾಗ ನಾನು ನಮ್ಮ ವಾಟ್ಸ್‌ಆ್ಯಪ್ ಗುಂಪಿನ ಬದಲು ವಿಭಾಗದ ನೋಟಿಸ್ ಬೋರ್ಡಿಗೆ ಹಾಕಿಸಿದೆ. ಗುಂಪಿನಲ್ಲಿ ಇಲ್ಲದ ಏಳು ಮಂದಿ ಅರ್ಜಿ ಹಾಕಿದರು. ಯಾರಿಗೆ ಸಿಗುತ್ತದೋ ಗೊತ್ತಿಲ್ಲ. ಸುದ್ದಿಯಂತೂ ತಲುಪಿತು.

ಇವತ್ತು ನಾವು ಮೇಜಿನ ಈಚೆ ಕುಳಿತಿದ್ದೇವೆ. ಐದೋ ಹತ್ತೋ ವರ್ಷದಲ್ಲಿ ನಮ್ಮಲ್ಲಿ ಹಲವರು ಆಚೆ ಕೂರುತ್ತೇವೆ. ಕೆಲವರು ಟೀಮ್ ಲೀಡ್ ಆಗುತ್ತಾರೆ, ಕೆಲವರು ಅಂಗಡಿ ಇಡುತ್ತಾರೆ, ಕೆಲವರು ಮನೆ ಕಟ್ಟಿ ಬಾಡಿಗೆಗೆ ಕೊಡುತ್ತಾರೆ. ಆಗ ನಮ್ಮ ಮುಂದೆ ಒಂದು ಕಟ್ಟು ಅರ್ಜಿ ಬಂದು ಬೀಳುತ್ತದೆ. ಎಲ್ಲರನ್ನೂ ತೆಗೆದುಕೊಳ್ಳಲು ಆಗದು, ನಿಜ. ಆದರೆ ಎಲ್ಲರಿಗೂ ಅದೇ ಪ್ರಶ್ನೆ ಕೇಳಬಹುದು, ಕೇಳುವ ಮೊದಲೇ ಪ್ರಶ್ನೆ ಬರೆದಿಟ್ಟುಕೊಳ್ಳಬಹುದು, ಹೆಸರು ಓದುವ ಮುಂಚೆ ಕೆಲಸದ ಮಾದರಿ ನೋಡಬಹುದು. ಇದಕ್ಕೆ ಹಣ ಬೇಕಿಲ್ಲ, ಸರ್ಕಾರದ ಆದೇಶವೂ ಬೇಕಿಲ್ಲ. ಹತ್ತಕ್ಕೊಂದು ಬರುವ ಕರೆ ಹದಿನೈದಕ್ಕೊಂದು ಬರುವವನಿಗೂ ಹತ್ತಕ್ಕೇ ಬಂದರೆ ಅಷ್ಟು ಸಾಕು. ಉಳಿದದ್ದನ್ನು ಅವನೇ ದುಡಿದುಕೊಳ್ಳುತ್ತಾನೆ.